ನನ್ನ ತಲೆಯ ಮೇಲಿನಿಂದ ಒಬ್ಬರು ಕಾದಂಬರಿ ಓದುತ್ತಿದ್ದರು

“ಅಲ್ಲ, ಗಿರಿಜೆ ಮತ್ತೆ ಎಂತ ಮಾಡಿದಳು? ಒಳಗೆ ಹೋದಳಾ?”

ಸೋಮವಾರ ಬೆಳಿಗ್ಗೆ ಕಾರ್ಕಳ–ಉಡುಪಿ ಬಸ್ಸಿನಲ್ಲಿ ನನ್ನ ತಲೆಯ ಮೇಲಿನಿಂದ ಈ ಪ್ರಶ್ನೆ ಬಂದಾಗ ಬೆಚ್ಚಿಬಿದ್ದೆ. ಕೈಯಲ್ಲಿದ್ದ ಪುಸ್ತಕ ಜಾರಿ ಪಕ್ಕದವರ ಕಾಲ ಮೇಲೆ ಬಿತ್ತು.

ಗಿರಿಜೆ ನಮ್ಮ ಸಂಬಂಧಿಕಳಲ್ಲ, ನೆರೆಮನೆಯವಳೂ ಅಲ್ಲ. ಹಿಂದಿನ ದಿನವಷ್ಟೇ ನಾನು ಓದಿ ಮುಗಿಸಿದ ಒಂದು ಹಳೆಯ ಕಾದಂಬರಿಯ ನಾಯಕಿ. ಅವಳ ವಿಷಯ ಗಂಡನ ಹತ್ತಿರವೂ ಬಾಯಿಬಿಟ್ಟವಳಲ್ಲ ನಾನು!

ಕೇಳಿದವರು ವನಿತಾ. ಈ ಹೆಸರು ಗೊತ್ತಾದದ್ದೂ ಅವತ್ತೇ.

ನಾನು ಕಾರ್ಕಳದಲ್ಲಿ ಹತ್ತುವುದರಿಂದ ಸೀಟು ಸಿಗುತ್ತದೆ. ಅವರು ಹಿರಿಯಡ್ಕದಲ್ಲಿ ಹತ್ತುತ್ತಾರೆ, ಅಷ್ಟು ಹೊತ್ತಿಗೆ ಬಸ್ಸು ಫುಲ್. ನಿಂತವರ ಬ್ಯಾಗನ್ನು ಕೂತವರು ತೊಡೆಯ ಮೇಲೆ ಇಟ್ಟುಕೊಳ್ಳುವುದು ನಮ್ಮ ಕಡೆಯ ಬಸ್ಸುಗಳ ಮರ್ಯಾದೆ. ಹಾಗೆ ತಿಂಗಳುಗಟ್ಟಲೆಯಿಂದ ಅವರ ಬ್ಯಾಗು ನನ್ನ ತೊಡೆಯ ಮೇಲೆ, ಆ ಬ್ಯಾಗಿನ ಮೇಲೆ ನನ್ನ ಕಾದಂಬರಿ. ಒಳಗಿರುವ ಟಿಫಿನ್ ಬಾಕ್ಸು ಗಟ್ಟಿಯಾಗಿರುವುದರಿಂದ ಒಳ್ಳೆಯ ಮೇಜು ಬೇರೆ.

ಮಣಿಪಾಲದಲ್ಲಿ ಇಬ್ಬರೂ ಇಳಿಯುತ್ತೇವೆ. ನಾನು ಆಫೀಸಿಗೆ, ಅವರು ಆಸ್ಪತ್ರೆಯ ಲ್ಯಾಬಿಗೆ. ಒಂದು ನಗು, ಬ್ಯಾಗು ವಾಪಸ್... ಅಷ್ಟೇ ನಮ್ಮ ಸ್ನೇಹ.

ನನ್ನ ಓದಿನ ಬಗ್ಗೆ ಒಂದು ಮಾತು ಹೇಳಬೇಕು. ನಾನು ಮಹಾ ನಿಧಾನ. ಒಂದು ವಾಕ್ಯ ಚೆನ್ನಾಗಿದ್ದರೆ ಅಲ್ಲೇ ನಿಲ್ಲುತ್ತೇನೆ, ಕಿಟಕಿಯಾಚೆ ನೋಡುತ್ತೇನೆ, ವಾಪಸ್ ಬಂದು ಅದನ್ನೇ ಮತ್ತೆ ಓದುತ್ತೇನೆ.

ಈ ಕಾದಂಬರಿಯಲ್ಲಂತೂ ಅಕ್ಕಿ ತೊಳೆಯುವ ಸದ್ದಿಗೇ ಅರ್ಧ ಪುಟ. ಆ ಅರ್ಧ ಪುಟದಲ್ಲಿ ನಾನು ಮೂರು ದಿನ ಖುಷಿಯಾಗಿದ್ದೆ. ನೀನು ಪುಸ್ತಕ ಓದುವುದಲ್ಲ, ಉಪ್ಪಿನಕಾಯಿಯ ಹಾಗೆ ನೆಕ್ಕುವುದು ಎಂದು ಗಂಡ ತಮಾಷೆ ಮಾಡುತ್ತಾರೆ. ಮಾಡಲಿ.

ಆದರೆ ಭಾನುವಾರ ಒಂದು ಎಡವಟ್ಟಾಯಿತು. ಪುಸ್ತಕ ಕಾಪುವಿನಲ್ಲಿರುವ ನನ್ನ ಚಿಕ್ಕಮ್ಮನದ್ದು. ಬರುವಾಗ ತೆಗೆದುಕೊಂಡು ಬಾ ಎಂದು ಅವರು ಫೋನ್ ಮಾಡಿದ್ದರು. ಹೇಗೂ ವಾಪಸ್ ಕೊಡಬೇಕಲ್ಲ ಎಂದು ಅವರ ಮನೆಯ ಚಾವಡಿಯಲ್ಲೇ ಕೂತು ಉಳಿದದ್ದನ್ನೆಲ್ಲ ಒಂದೇ ಉಸಿರಿಗೆ ಓದಿ ಮುಗಿಸಿದೆ. ಕೊಟ್ಟೆ, ಬಂದೆ. ಸೋಮವಾರ ಹೊಸ ಪುಸ್ತಕ.

ಅದನ್ನು ವನಿತಾ ಅವರ ಬ್ಯಾಗಿನ ಮೇಲೆ ಬಿಡಿಸಿದಾಗಲೇ ಆ ಪ್ರಶ್ನೆ ಬಂದದ್ದು.

ನಿಜ ಹೇಳಬೇಕೆಂದರೆ ಮೊದಲು ನನಗೆ ಸಿಟ್ಟು ಬಂತು. ಇಷ್ಟು ದಿನ ಇವರು ನನ್ನ ಪುಸ್ತಕದೊಳಗೆ ಇಣುಕುತ್ತಿದ್ದರಾ?

“ಮೊದಮೊದಲು ಇವರು ಎಂತ ಇಷ್ಟು ನಿಧಾನ ಅಂತ ಬೇಜಾರಾಗುತ್ತಿತ್ತು” ಎಂದರು ಅವರು, ಯಾವ ಸಂಕೋಚವೂ ಇಲ್ಲದೆ. “ಮತ್ತೆ ನೀವು ಹೊರಗೆ ನೋಡುವಾಗ ನಾನೂ ನೋಡಲಿಕ್ಕೆ ಶುರು ಮಾಡಿದೆ. ಈಗ ಬೇಗ ಓದಿದರೆ ನನಗೆ ರುಚಿಯೇ ಹತ್ತುವುದಿಲ್ಲ.”

ನಾನು ಒಬ್ಬಳೇ ಎಂದುಕೊಂಡು ಓದಿದ ಪ್ರತಿ ಪುಟದಲ್ಲೂ ಇನ್ನೊಬ್ಬರು ಇದ್ದರು!

ಶುಕ್ರವಾರ ನಾವು ನಿಲ್ಲಿಸಿದ್ದು ಹೀಗೆ. ಗಂಡನ ಮನೆ ಬಿಟ್ಟು ಹೋಗಿದ್ದ ಗಿರಿಜೆ, ಅತ್ತೆಗೆ ಹುಷಾರಿಲ್ಲವೆಂದು ತಿಳಿದು, ಹಣ್ಣಿನ ಚೀಲ ಹಿಡಿದುಕೊಂಡು ಅಂಗಳಕ್ಕೆ ಬಂದು ನಿಂತಿದ್ದಾಳೆ. ಪಾಪ, ವನಿತಾ ಶನಿವಾರ, ಭಾನುವಾರ ಎರಡೂ ದಿನ ಅವಳದ್ದೇ ಯೋಚನೆಯಲ್ಲಿ ಕಳೆದಿದ್ದಾರೆ.

“ಗಿರಿಜೆ ಒಳಗೆ—” ಎಂದು ನಾನು ಬಾಯಿ ತೆರೆದದ್ದೇ ತಡ, ಅವರು ಕಂಬಿ ಬಿಟ್ಟು ನನ್ನ ಬಾಯಿಗೆ ಕೈ ಅಡ್ಡ ಹಿಡಿದರು. ತುಂಬಿದ ಬಸ್ಸಿನಲ್ಲಿ! ಕಂಡಕ್ಟರ್ ತಿರುಗಿ ನೋಡಿದರು.

“ಹೇಳಬೇಡಿ ಮಾರಾಯ್ರೆ! ಗಾಬರಿಯಲ್ಲಿ ಕೇಳಿಬಿಟ್ಟೆ. ನಾನು ಅಲ್ಲಿಗೆ ಓದಿಕೊಂಡೇ ಹೋಗಬೇಕು.”

ಸಂಜೆ ಮನೆಗೆ ಹೋಗುವ ಬದಲು ಉಡುಪಿಗೆ ಹೋಗಿ, ಕಟಪಾಡಿ ದಾಟಿ ಪುನಃ ಕಾಪು ಸೇರಿದೆ. ನಿನ್ನೆ ಕೊಟ್ಟದ್ದನ್ನು ಇವತ್ತು ಪುನಃ ಎಂತಕ್ಕೆ ಎಂದು ಚಿಕ್ಕಮ್ಮ ಕೇಳಿದರು. ವಿಷಯ ಹೇಳಿದರೆ ನಕ್ಕುಬಿಟ್ಟರು. ಕೊಟ್ಟರು.

ಮಂಗಳವಾರ ಹಿರಿಯಡ್ಕದಲ್ಲಿ ಬ್ಯಾಗು ಬಂತು, ಅದರ ಮೇಲೆ ಗಿರಿಜೆ ಬಂದಳು. ಮುಖದಲ್ಲಿ ಎಂತದೂ ತೋರಿಸಬಾರದು ಎಂದು ನನಗೆ ಆರ್ಡರ್. ನನಗೆ ಕೊನೆ ಗೊತ್ತಲ್ಲ, ಸ್ವಲ್ಪ ಜಂಬದಲ್ಲೇ ಪುಟ ತೆರೆದೆ.

ಆ ಪುಟ ತುಂಬ ಅಂಗಳದ ವರ್ಣನೆ. ಒಣಹಾಕಿದ ಬಟ್ಟೆ, ಕಲ್ಲಿನ ಮೇಲೆ ಮಗುಚಿಟ್ಟ ಚೆಂಬು, ಗೋಡೆಯಿಂದ ಇಳಿಯುತ್ತಿರುವ ಬಿಸಿಲು. ಭಾನುವಾರ ನಾನು ಹಾರಿಸಿಕೊಂಡು ಹೋದದ್ದು ಇದನ್ನೇ.

ಪರ್ಕಳ ಬರುವಾಗ ಮೇಲಿನಿಂದ ಒಂದು ಕೈ ಇಳಿದು ಪುಟವನ್ನು ಗಟ್ಟಿಯಾಗಿ ಒತ್ತಿ ಹಿಡಿಯಿತು.

“ಅಯ್ಯೋ... ಹೋಗಿಯೇಬಿಟ್ಟಳು ಅಲ್ವಾ...”

ಎಲ್ಲಿಗೆ ಹೋಗುವುದು? ಮುಂದಿನ ಅಧ್ಯಾಯದಲ್ಲಿ ಅವಳು ಅತ್ತೆಗೆ ಗಂಜಿ ಕುಡಿಸುತ್ತಾಳೆ. ನಾನೇ ಓದಿದ್ದೇನೆ!

ಬೆರಳಿನ ಕೆಳಗೆ ನೋಡಿದೆ. ಚೆಂಬು ಮತ್ತು ಬಿಸಿಲಿನ ನಡುವೆ ಒಂದು ಸಣ್ಣ ವಾಕ್ಯ. ಗಿರಿಜೆ ಹಣ್ಣಿನ ಚೀಲವನ್ನು ಜಗಲಿಯ ಮೇಲಿಟ್ಟು, ಸದ್ದಿಲ್ಲದೆ ಬಂದ ದಾರಿಯಲ್ಲೇ ತಿರುಗಿ ನಡೆದಿದ್ದಳು.

ಗಡಿಬಿಡಿಯಲ್ಲಿ ಮುಂದಿನ ಅಧ್ಯಾಯ ತೆಗೆದೆ. ಆ ಗಂಜಿ, ಆ ಮಾತುಕತೆ ಎಲ್ಲವೂ ವಾಪಸ್ ಹೋಗುವ ದೋಣಿಯಲ್ಲಿ ಕೂತು ಅವಳು ಮನಸ್ಸಿನಲ್ಲೇ ಕಟ್ಟಿಕೊಂಡದ್ದು. ಅವಳು ಒಳಗೆ ಹೋಗಿರಲೇ ಇಲ್ಲ.

ಮಣಿಪಾಲ ಬಂದರೂ ನಾನು ಆ ಸಣ್ಣ ವಾಕ್ಯವನ್ನೇ ಮತ್ತೆ ಮತ್ತೆ ಓದುತ್ತಾ ಕೂತಿದ್ದೆ. ವನಿತಾ ಕಣ್ಣು ಒರೆಸಿಕೊಳ್ಳುತ್ತಾ ತಾವೇ ಬ್ಯಾಗು ತೆಗೆದುಕೊಂಡರು. ಸೋಮವಾರ ಅವರು ನನ್ನ ಬಾಯಿಗೆ ಕೈ ಅಡ್ಡ ಹಿಡಿಯದೇ ಇದ್ದಿದ್ದರೆ, ಗಿರಿಜೆ ಒಳಗೆ ಹೋಗಿ ಸುಖವಾಗಿದ್ದಾಳೆ ಎಂದು ಖಂಡಿತವಾಗಿ ಹೇಳಿಬಿಡುತ್ತಿದ್ದೆ.

ಗಡಿಬಿಡಿಯಲ್ಲಿ ನೀವು ಓದಿ ಮುಗಿಸಿದ ಕಾದಂಬರಿಗಳಲ್ಲಿ ಕೊನೆಗೆ ಏನಾಯಿತೆಂದು ನಿಮಗೆ ನಿಜವಾಗಿಯೂ ಗೊತ್ತಿದೆಯೇ?