ಹಿಂದಿನ ಕಂಬಿಯ ಉಬ್ಬು

ನಮ್ಮನೆಯವರಿಗೆ ನೀಟು ಅನ್ನುವ ರೋಗವಿದೆ. ಸಾರಕ್ಕಿ ಮಾರ್ಕೆಟ್ಟಿನ ಹಿಂದೆ ಇಪ್ಪತ್ತೆಂಟು ವರ್ಷದಿಂದ ಕಾರಿನ ಸೀಟು ಹೊಲಿಯುತ್ತಾರೆ. ಬ್ಯಾಗಿನ ಜಿಪ್ಪು, ಆಟೋ ಟಾಪು, ಏನು ತಂದುಕೊಟ್ಟರೂ ಸರಿ. ಒಂದು ಹೊಲಿಗೆ ಅಕ್ಕಿಕಾಳಿನಷ್ಟು ಪಕ್ಕಕ್ಕೆ ಹೋದರೆ ಬಿಚ್ಚಿ ಮತ್ತೆ ಹಾಕುತ್ತಾ ಕೂರುತ್ತಾರೆ. ಇತ್ತ ಅನ್ನ ಆರುತ್ತದೆ, ನನ್ನ ತಲೆ ಬಿಸಿಯಾಗುತ್ತದೆ. "ಶಾಮಣ್ಣನ ಕೆಲ್ಸ ಅಂದ್ರೆ ಕೆಲ್ಸ" ಎಂದು ಹೊಗಳಿ ಹೊಗಳಿ ಜನ ಅವರನ್ನು ಇನ್ನಷ್ಟು ಕೆಡಿಸಿದ್ದಾರೆ.

ಹೋದ ವಾರ ನಮ್ಮ ಅಂಗಡಿ ಓನರ್ ಮಗಳು ಮೇಘಶ್ರೀ ಒಂದು ಹಳೇ ಜೀಪು ತಂದು ನಿಲ್ಲಿಸಿದಳು. ಭಾನುವಾರ ಕನಕಪುರ ರಸ್ತೆಯಾಚೆ, ಕಲ್ಲುಗುಡ್ಡಕ್ಕೆ ಜೀಪು ಹತ್ತಿಸುವ ಪಂದ್ಯವಂತೆ. ಪಲ್ಟಿಯಾದರೂ ಸೀಟು ಬಿಟ್ಟು ಎಗರದಂತೆ ಹಿಡಿಯುವ ನಾಲ್ಕು ಪಟ್ಟಿಯ ಬೆಲ್ಟು ಹಾಕಿಸಬೇಕಿತ್ತು.

ಬೆಲ್ಟಿನ ಜೊತೆ ಬಂದ ಚಿತ್ರಗಳನ್ನು ಇವರು ಎರಡು ದಿನ ನೋಡಿದರು. ಸೊಂಟದ ಪಟ್ಟಿ ಹೊಟ್ಟೆಯ ಮೇಲಲ್ಲ, ಕೆಳಗೆ ಮೂಳೆಯ ಮೇಲೆ ಕೂರಬೇಕು. ಭುಜದ ಪಟ್ಟಿಗಳನ್ನು ನೆಲಕ್ಕೆ ಬಿಗಿದರೆ ಬೆನ್ನುಮೂಳೆಗೆ ಅಪಾಯ; ಸೀಟಿನ ಹಿಂದೆ ಭುಜದ ಮಟ್ಟಕ್ಕಿರುವ ಕಬ್ಬಿಣದ ಕಂಬಿಗೇ ಸುತ್ತಬೇಕು. ಸುತ್ತಿ ಬಕಲ್ಲಿನಲ್ಲಿ ತೂರಿಸಿದ ತುದಿಯನ್ನು ವಾಪಸ್ ಇನ್ನೊಂದು ಸಲ ತೂರಿಸಿದರೆ ಮಾತ್ರ ಅದು ಕಚ್ಚಿಕೊಳ್ಳುತ್ತದೆ. ಎಲ್ಲವನ್ನೂ ಸರಿಯಾಗಿಯೇ ಮಾಡಿದ್ದರು.

ಊಟದ ಡಬ್ಬಿ ತಂದ ನಾನು ಬಾಯಿ ಬಿಟ್ಟೆ. "ಏನ್ರೀ ಅದು, ಕಂಬಿ ಹಿಂದೆ ಬಾವು ಬಂದಂಗೆ ಉಬ್ಬಿದೆ? ಅಸಹ್ಯವಾಗಿದೆ. ನೀವು ಮಾಡಿದ್ದು ಅಂದ್ರೆ ಯಾರು ನಂಬ್ತಾರೆ?"

ಈ ಬಾಯಿ ಸುಮ್ಮನಿರಬಾರದಿತ್ತೇ! ಸಂಜೆ ಹೋದಾಗ ಉಬ್ಬು ಇರಲಿಲ್ಲ. ಕಂಬಿಯ ಮೇಲೆ ಕಪ್ಪು ರೆಕ್ಸಿನ್ ಹೊಲಿದು ಮುಚ್ಚಿದ್ದರು. ಸಖತ್ತಾಗಿದೆ ಎಂದು ನಾನೇ ಮೆಚ್ಚಿಕೊಂಡೆ. ಮಾರನೇ ದಿನ ಮೇಘಶ್ರೀ ಜೀಪು ತೆಗೆದುಕೊಂಡು ಹೋದಳು.

ಭಾನುವಾರ ಬೆಳಿಗ್ಗೆ ನನ್ನ ಹೆಗಲಚೀಲದ ಪಟ್ಟಿ ಜಾರುತ್ತಿದೆ ಎಂದು ಅವರ ಕೈಗೆ ಕೊಟ್ಟೆ. "ತುದಿ ವಾಪಸ್ ತೂರಿಸಿಲ್ಲ ಕಣೇ, ಅದಕ್ಕೇ..." ಎಂದವರು ಅಲ್ಲಿಗೇ ನಿಂತರು.

"ಅಮ್ಮಣ್ಣಿ, ಆ ಜೀಪಿಂದೂ ಹಿಂಗೇ ಬಿಟ್ಟಿದ್ದೀನಿ. ಉಬ್ಬು ಕಾಣ್ಬಾರ್ದು ಅಂತ ವಾಪಸ್ ತೂರ್ಸಿದ್ದನ್ನ ಬಿಚ್ಚಿದೆ. ಒಂದೇ ಸಲ ಹಾಕಿದ್ರೂ ಬಿಗಿಯಾಗಿತ್ತು, ಸಾಕು ಅನ್ಕೊಂಡ್ಬಿಟ್ಟೆ."

ಗಂಟೆ ಎಂಟು. ಒಂಬತ್ತಕ್ಕೆ ಪಂದ್ಯ. ಮೇಘಶ್ರೀಯ ಫೋನು ರಿಂಗಾಗಿ ರಿಂಗಾಗಿ ನಿಂತಿತು. ಇಬ್ಬರೂ ಸ್ಕೂಟರ್ ಹತ್ತಿದೆವು. ಸಾರಕ್ಕಿ ಸಿಗ್ನಲ್ಲಿನಲ್ಲಿ ಭಾನುವಾರವೂ ಅದೇನು ಜನ, ಹಾಳಾಗಿ ಹೋಗ! ಎರಡು ಸಲ ಹಸಿರು ಬಂದರೂ ನಾವು ಅಲ್ಲೇ ಇದ್ದೆವು. ಮತ್ತೆ ಮತ್ತೆ ಫೋನು ಹಚ್ಚಿದೆ. "ನಿಧಾನಕ್ಕೆ ಹೋಗ್ರೀ" ಎಂದು ದಿನಾ ಗೊಣಗುವವಳು ಅವತ್ತು ಅವರ ಬೆನ್ನಿಗೆ ಗುದ್ದಿ "ಹೋಗ್ರೀ, ಹೋಗ್ರೀ" ಅನ್ನುತ್ತಿದ್ದೆ. ಮೇಘಶ್ರೀಯ ಅಮ್ಮನ ಮುಖವೇ ಕಣ್ಣೆದುರು ಬರುತ್ತಿತ್ತು.

ನಾವು ಹೋದಾಗ ಜೀಪು ಹೊರಡುವ ಗೆರೆಯ ಮೇಲೆ ನಿಂತಿತ್ತು. ಇವರು ಓಡಿಹೋಗಿ ಬಾನೆಟ್ಟಿನ ಎದುರು ಕೈ ಚಾಚಿ ನಿಂತುಬಿಟ್ಟರು.

"ಆಫ್ ಮಾಡಮ್ಮ!"

"ಏನಾಯ್ತು ಶಾಮಣ್ಣ? ಈಗ ನಂದೇ ಟರ್ನು. ಪಂದ್ಯದವ್ರು ಬೆಲ್ಟೆಲ್ಲ ಚೆಕ್ ಮಾಡಿ ಓಕೆ ಅಂದಿದಾರೆ."

"ಅವ್ರಿಗೆ ಕಾಣ್ದಂಗೆ ನಾನೇ ಮುಚ್ಚಿದ್ದೀನಮ್ಮ."

ಅವಳನ್ನು ಇಳಿಸಿ, ಬ್ಲೇಡಿನಲ್ಲಿ ರೆಕ್ಸಿನ್ ಸೀಳಿ, ಸೀಟಿಗೆ ಕಾಲು ಕೊಟ್ಟು ಭುಜದ ಪಟ್ಟಿಯನ್ನು ಎರಡೂ ಕೈಯಲ್ಲಿ ಜಗ್ಗಿದರು. ಮೊದಲು ಹಿಡಿದುಕೊಂಡಿತು. ಎರಡನೇ ಸಲಕ್ಕೆ ಬಕಲ್ಲಿನಿಂದ ಜಾರಿ ಪೂರ್ತಿ ಅವರ ಕೈಗೆ ಬಂತು.

ಮೇಘಶ್ರೀ ಹೆಲ್ಮೆಟ್ ತೆಗೆದಳು. "ಯಾಕ್ ಹಿಂಗ್ ಮಾಡಿದ್ರಿ?"

"ಚೆನ್ನಾಗ್ ಕಾಣ್ಲಿ ಅಂತ. ತಪ್ಪು ನಂದೇ ಕಣಮ್ಮ."

ನನ್ನ ಹೆಸರು ಎತ್ತಲಿಲ್ಲ. ಅದು ನನಗೆ ಬೈಗುಳಕ್ಕಿಂತ ಜಾಸ್ತಿ ಚುಚ್ಚಿತು. "ಅಸಹ್ಯವಾಗಿದೆ ಅಂತ ಆಡ್ಕೊಂಡಿದ್ದು ನಾನಮ್ಮ" ಎಂದೆ.

ಅವಳು ತನ್ನ ಸರದಿಯನ್ನು ಹಿಂದಿನವನಿಗೆ ಬಿಟ್ಟುಕೊಟ್ಟಳು. ಇವರು ಎರಡೂ ಪಟ್ಟಿಗಳನ್ನು ಸುತ್ತಿ, ತೂರಿಸಿ, ತುದಿಯನ್ನು ವಾಪಸ್ ತೂರಿಸಿ ಜಗ್ಗಿದರು. ಅವಳ ಕೈಯಲ್ಲೂ ಜಗ್ಗಿಸಿದರು. ಹರಿದ ರೆಕ್ಸಿನ್ನು ನನ್ನ ಚೀಲಕ್ಕೆ ಸೇರಿತು.

ಜೀಪು ಗುಡ್ಡ ಹತ್ತಿತು. ಅರ್ಧದಲ್ಲಿ ಒಂದು ಚಕ್ರ ಬಂಡೆಯಿಂದ ಜಾರಿ, ಗಾಡಿ ಪಕ್ಕಕ್ಕೆ ವಾಲಿ ನಿಂತೇಬಿಟ್ಟಿತು. ಹುಡುಗಿಯ ಭಾರವೆಲ್ಲ ಆ ಪಟ್ಟಿಗಳ ಮೇಲೆ. ಇವರು ನನ್ನ ಕೈಯನ್ನು ಮೂಳೆ ನೋಯುವಷ್ಟು ಹಿಸುಕಿದರು. ಅಲ್ಲಿಂದಲೂ ನಮಗೆ ಕಂಬಿಯ ಹಿಂಬದಿ ಕಾಣುತ್ತಿತ್ತು. ಎರಡು ಉಬ್ಬೂ ಜಾರದೆ ಹಾಗೇ ಇದ್ದವು, ಬಾವು ಬಂದಂತೆ, ಅಸಹ್ಯವಾಗಿ. ಅವನ್ನೇ ನೋಡುತ್ತಾ ನಾನು ಜೋರಾಗಿ ಅತ್ತುಬಿಟ್ಟೆ.