ತಂಬೂರ ಕೆರೆಯಲ್ಲಿ ಗಾಳ, ಹಾಡು, ಆನೆ

ಕಲಘಟಗಿ ದಾಟಿ ತಂಬೂರ ಕೆರೆಯ ಏರಿಯ ಮೇಲೆ ಚಹಾಕ್ಕೆಂದು ನಿಂತಿದ್ದೆ. ಅಂಗಡಿಯ ರತ್ನವ್ವ ಚಹಾ ಸೋಸುತ್ತಿದ್ದವಳು ಒಮ್ಮೆಲೇ ಪಾತ್ರೆ ಕೆಳಗಿಟ್ಟಳು. ಕೆಳಗೆ ನೀರಿನಂಚಿನಲ್ಲಿ ಅವಳ ಗಂಡ ಗಾಳ ಹಾಕಿಕೊಂಡು, ಕಿವಿಗೆ ಇಯರ್‌ಫೋನ್ ಸಿಕ್ಕಿಸಿ ಹಾಡು ಕೇಳುತ್ತ ಕುಳಿತಿದ್ದ. ಅವನ ಬೆನ್ನ ಹಿಂದೆ, ಕಾಡಿನ ಕಡೆಯಿಂದ, ಒಂಟಿ ಆನೆಯೊಂದು ನೀರಿಗೆ ಇಳಿದು ಬರುತ್ತಿತ್ತು. ಅಷ್ಟು ದೊಡ್ಡ ಪ್ರಾಣಿ ಅಷ್ಟು ಸದ್ದಿಲ್ಲದೆ ನಡೆಯುತ್ತದೆಂದು ನನಗೆ ಗೊತ್ತಿರಲಿಲ್ಲ.

ಕೂಗಲು ಬಾಯಿ ತೆರೆದೆ. ರತ್ನವ್ವ ನನ್ನ ತೋಳು ಹಿಡಿದಳು.

“ಒದರಬ್ಯಾಡ್ರಿ. ಅವರಿಗೆ ಕೇಳೂದಿಲ್ಲ, ಆನಿಗಷ್ಟ ಕೇಳತೈತಿ.”

ಅವಳು ಗಂಡನಿಗೆ ಫೋನ್ ಹಚ್ಚಿದಳು. ಹಾಡು ನಿಂತಿರಬೇಕು, ಅವನು ಕಿವಿ ಮುಟ್ಟಿಕೊಂಡು, “ಯಾಕ ಫೋನ್ ಹಚ್ಚೀದಿ?” ಎಂದು ಜೋರಾಗಿ ಕೇಳಿದ. ಆನೆ ನಿಂತು ಕಿವಿ ಅಗಲಿಸಿತು.

“ಮಾತಾಡಬ್ಯಾಡ್ರಿ,” ಅವಳು ಪಿಸುಗುಟ್ಟಿದಳು. “ಹಿಂದ ಆನಿ ಐತಿ. ಗಾಳ ಅಲ್ಲೇ ಬಿಡ್ರಿ. ಸಾವಕಾಶ ನನ್ನ ಕಡೆ ಬರ್ರಿ. ಬರ್ರಿ, ಹಂಗ ಬರ್ರಿ.”

ಅವನು ಹಿಂತಿರುಗಿ ನೋಡದೆ ದಂಡೆಗುಂಟ ನಡೆದ. ಆನೆ ಅವನನ್ನೇ ನೋಡುತ್ತಿತ್ತು. ಕೊನೆಗೆ ಅದು ಸೊಂಡಿಲು ಇಳಿಸಿ ನೀರು ಕುಡಿಯತೊಡಗಿತು.

ಅವನು ಏರಿ ಹತ್ತಿ ಬಂದು ಅವಳ ಎದುರಿಗೇ ನಿಂತ. ರತ್ನವ್ವ ಕಣ್ಣು ಮುಚ್ಚಿಕೊಂಡು, ಫೋನನ್ನು ಕಿವಿಗೆ ಒತ್ತಿಕೊಂಡು, ಇನ್ನೂ ಹೇಳುತ್ತಲೇ ಇದ್ದಳು: “ಬರ್ರಿ, ಹಂಗ ಬರ್ರಿ.”