ಪಾಸ್ಕು ಸಾವ್ಕಾರರಿಗೆ ಕೇಳಿಸುವಂತೆ

ನತಾಲಿನ್ ಬಾಯಿ ಮಕ್ಕಳನ್ನು ಒಳಗೆ ಕರೆಯುವುದನ್ನು ದೂರದಿಂದ ಕೇಳಿದವರು ಅಲ್ಲೇನೋ ಜಗಳ ನಡೆದಿದೆ ಎಂದೇ ತಿಳಿಯುತ್ತಿದ್ದರು. ಭಾನುವಾರದ ಪೂಜೆ ಮುಗಿದು ಜನ ಹೊರಗೆ ಬರುವ ಹೊತ್ತಿಗೆ ಅವರು ಇಗರ್ಜಿಯ, ಎಂದರೆ ನಮ್ಮ ಚರ್ಚಿನ, ಹಿಂದಿನ ಕೋಣೆಯ ಬಾಗಿಲಲ್ಲಿ ಸೊಂಟಕ್ಕೆ ಕೈಕೊಟ್ಟು ನಿಂತಿರುತ್ತಿದ್ದರು. "ಬಾ ಇನಾಸಾ, ಒಳಗೆ ಬಾ! ಅಂಗಿ ಹರಿದ್ರೆ ಹರೀಲಿ, ದೇವರೇನು ದರ್ಜಿ ಅಲ್ಲ! ಮೋನಿಕಾ, ತಮ್ಮನ್ನ ಎಂತಕ್ಕೆ ಹೊರಗೆ ಬಿಟ್ಟೆ? ಮೂಗು ಸುರದ್ರೆ ಒರ್ಸುಕೆ ಬಟ್ಟೆ ನನ್ನ ಹತ್ರ ಅದೆ. ಎತ್ತ್ಕಂಡು ಬಾ!" ನಾವು ಮಕ್ಕಳು ಅವರ ಎದುರಿಗೇ ನಿಂತಿರುತ್ತಿದ್ದೆವು. ಅಷ್ಟು ಜೋರಾಗಿ ಕೂಗಬೇಕಾದ ಕಾರಣವೇ ಇರಲಿಲ್ಲ. ಕೂಗುತ್ತಿದ್ದುದು ನಮಗಲ್ಲ, ಇಗರ್ಜಿಯ ಮುಂದಿನ ಜಗಲಿಯಲ್ಲಿ ಕುರ್ಚಿ ಹಾಕಿಸಿಕೊಂಡು ಕೂತಿರುತ್ತಿದ್ದ ಪಾಸ್ಕು ಸಾವ್ಕಾರರಿಗೆ.

ಪಾಸ್ಕು ಸಾವ್ಕಾರರು ನಮ್ಮ ಹೊನ್ನಾವರದ ಇಗರ್ಜಿಗೆ ಪಾದ್ರಿಗಳಿಗಿಂತ ಹಳಬರು. ಪಾದ್ರಿಗಳು ಬಂದು ಹೋಗುತ್ತಿದ್ದರು, ಸಾವ್ಕಾರರು ಇದ್ದಲ್ಲೇ ಇರುತ್ತಿದ್ದರು. ಹೊಳೆಯ ದಂಡೆಯಲ್ಲಿ ಅವರ ಹಂಚಿನ ವ್ಯಾಪಾರ, ಇಗರ್ಜಿಯೊಳಗೆ ಮುಂದಿನ ಬೆಂಚು ಅವರ ಮನೆಯವರದು. ಪೂಜೆಯಲ್ಲಿ ಪಾದ್ರಿಗಳು ಕೊಡುವ ಪವಿತ್ರ ರೊಟ್ಟಿಯ ಪ್ರಸಾದವನ್ನು ಮಗು ಮೊದಲ ಸಲ ನಾಲಿಗೆಯ ಮೇಲೆ ಇಟ್ಟುಕೊಳ್ಳುವ ದಿನ ನಮ್ಮಲ್ಲಿ ದೊಡ್ಡ ಹಬ್ಬ. ಆ ದಿನ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಒಳಗೆ ಬಿಡುವ ಅಧಿಕಾರವನ್ನು ಸಾವ್ಕಾರರು ತಾವೇ ತೆಗೆದುಕೊಂಡಿದ್ದರು. ಬಿಳಿ ಅಂಗಿ, ಬಿಳಿ ಬೂಟು, ಕೈಯಲ್ಲಿ ಮೇಣದ ಬತ್ತಿ, ಹುಡುಗಿಯರಾದರೆ ತಲೆಯ ಮೇಲೆ ತೆಳು ಬಿಳಿ ಮುಸುಕು. ಇದರಲ್ಲಿ ಒಂದು ತಪ್ಪಿದರೂ ತೋಳು ಹಿಡಿದು ಸಾಲಿನಿಂದ ಆಚೆ ನಿಲ್ಲಿಸಿ "ಮುಂದಿನ ವರ್ಷ ಬಾ" ಎನ್ನುತ್ತಿದ್ದರು. ಯಾವ ಪಾದ್ರಿಯೂ ಮಾಡಿದ ನಿಯಮವಲ್ಲ ಅದು. ಆದರೂ ಒಬ್ಬರೂ ಪ್ರಶ್ನಿಸಲಿಲ್ಲ.

ನತಾಲಿನ್ ಬಾಯಿಯನ್ನು ಸಾವ್ಕಾರರು ಹಾಗೆ ಸಾಲಿನಿಂದ ಹೊರಗೆ ತೆಗೆದದ್ದು ಬಾಯಿಗೆ ಎಂಟು ವರ್ಷವಾಗಿದ್ದಾಗ. ಅಂಗಿ ಸರಿಯಿತ್ತು, ಬೂಟನ್ನು ಯಾರಿಂದಲೋ ಕೇಳಿ ತಂದಿದ್ದಾಯಿತು. ಮುಸುಕಿಗೆ ಮಾತ್ರ ಗತಿಯಿಲ್ಲದೆ ಅವರ ತಾಯಿ ಹಳೆಯ ಸೊಳ್ಳೆಪರದೆಯ ಒಂದು ತುಂಡನ್ನು ಒಗೆದು, ಗಂಜಿ ಹಾಕಿ, ಅಂಚು ಹೊಲಿದು ಕೊಟ್ಟಿದ್ದರು. ಸಾವ್ಕಾರರು ಅದನ್ನು ಬೆರಳಲ್ಲಿ ಮುಟ್ಟಿ ನೋಡಿ, ತಲೆಯಿಂದ ಎಳೆದು, ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದರಂತೆ. "ಎಂತ, ದೇವರ ಹತ್ರ ಮಲಗುಕೆ ಬಂದ್ಯಾ?" ಎಂದರಂತೆ. ಸಾಲಿಗೆ ಸಾಲೇ ನಕ್ಕಿತು. ಮುಂದಿನ ವರ್ಷ ಬಾಯಿ ಬರಲಿಲ್ಲ. ದೊಡ್ಡವರಾದ ಮೇಲೆ ಬೊಂಬಾಯಿಗೆ ಮನೆಗೆಲಸಕ್ಕೆ ಹೋದರು. ಆ ಪ್ರಸಾದವನ್ನು ಅಲ್ಲಿ ಗುರುತಿಲ್ಲದ ಇಗರ್ಜಿಯೊಂದರಲ್ಲಿ, ಕೆಲಸದ ಸೀರೆಯಲ್ಲೇ ತೆಗೆದುಕೊಂಡರು.

ಈ ಕಥೆಯನ್ನು ಅವರು ನಮ್ಮಿಂದ ಮುಚ್ಚಿಡಲಿಲ್ಲ. ಬೈಬಲಿನ ಕಥೆ ಹೇಳುವ ದನಿಯಲ್ಲೇ ಇದನ್ನೂ ಹೇಳುತ್ತಿದ್ದರು. "ಅವ ಒಂದಲ್ಲ ಒಂದಿನ ನನ್ನ ಎದುರು ನಿಂತು, ತಪ್ಪಾತು ನತಾಲಿನ್ ಅಂದೇ ಅನ್ಬೇಕು. ಅಲ್ಲಿವರೆಗೆ ನಾ ಸಾಯೂದಿಲ್ಲ, ಬರ್ಕಣಿ" ಎನ್ನುತ್ತಿದ್ದರು. ನಾವು ಸ್ಲೇಟಿನ ಮೇಲೆ ನಿಜವಾಗಿಯೂ ಬರೆದುಕೊಂಡು ಬೈಸಿಕೊಂಡದ್ದೂ ಇದೆ.

ಬೊಂಬಾಯಿಯಲ್ಲಿ ಒಂದು ಪಾರ್ಸಿ ಮನೆಯ ಮಕ್ಕಳನ್ನು ಬೆಳೆಸಿ, ಅವರೆಲ್ಲ ದೊಡ್ಡವರಾದ ಮೇಲೆ ಬಾಯಿ ಊರಿಗೆ ಮರಳಿದರು. ಐವತ್ತರ ದಶಕದ ಕೊನೆ, ನನಗಾಗ ಆರೋ ಏಳೋ. ಜೊತೆಗೆ ದೊಡ್ಡ ದೊಡ್ಡ ಟ್ರಂಕು ಬಂದವು. ಚಿನ್ನ ತಂದಿದ್ದಾಳೆ ಎಂದು ಊರು ಮಾತಾಡಿಕೊಂಡಿತು. ಒಳಗಿದ್ದುದು ಬಣ್ಣದ ಕಡ್ಡಿಗಳು, ಗಾಜು ಹಾಕಿಸಿದ ಬೈಬಲ್ ಚಿತ್ರಗಳು, ಕೀಲಿ ಕೊಟ್ಟರೆ ತಲೆಯಾಡಿಸುವ ತಗಡಿನ ಕುರಿ, ಆ ಪಾರ್ಸಿ ಮಕ್ಕಳಿಗೆ ಗಿಡ್ಡವಾದ ಬಿಳಿ ಅಂಗಿಗಳು, ಬಿಳಿ ಬೂಟುಗಳು. ವರ್ಷಗಟ್ಟಲೆ ಕೂಡಿಟ್ಟ ಸಾಮಾನು ಅದು. ಬೊಂಬಾಯಿಯಿಂದ ಹೊರಡುವ ಮೊದಲೇ ಹಗೆ ತೀರಿಸುವ ಸಿದ್ಧತೆ ಆಗಿತ್ತು ಎಂದು ನನಗೆ ಈಗ ಅರ್ಥವಾಗುತ್ತದೆ.

ಇಗರ್ಜಿಯ ಹಿಂದಿನ ಕೋಣೆಯಲ್ಲಿ ಸಾವ್ಕಾರರು ತಮ್ಮ ಹಂಚು ಪೇರಿಸಿಟ್ಟಿದ್ದರು. ಮಕ್ಕಳ ಧರ್ಮಪಾಠಕ್ಕೆ ಜಾಗ ಬೇಕು ಎಂದು ಬಾಯಿ ಕೇಳಿದಾಗ ಪಾದ್ರಿಯವರು "ನೋಡುವಾ, ಸಾವ್ಕಾರ್ರ ಹತ್ರ ಮಾತಾಡುವಾ" ಎಂದು ತಲೆ ತುರಿಸಿಕೊಂಡರು. ಪಾದ್ರಿಯವರು ಮಾತಾಡುವವರೆಗೆ ಬಾಯಿ ಕಾಯಲಿಲ್ಲ. ಮರುದಿನವೇ ಕೇರಿಯ ಹೆಂಗಸರನ್ನು ಕೂಡಿಸಿ ಅಷ್ಟೂ ಹಂಚನ್ನು ಕೈಯಿಂದ ಕೈಗೆ ದಾಟಿಸಿ ಸಾವ್ಕಾರರ ಮನೆಯ ಅಂಗಳದಲ್ಲೇ ಜೋಡಿಸಿಬಿಟ್ಟರು, ಒಂದೂ ಒಡೆಯದಂತೆ. ಒಂದು ಒಡೆದಿದ್ದರೂ ಸಾವ್ಕಾರರಿಗೆ ಮಾತಾಡಲು ನೆಪ ಸಿಗುತ್ತಿತ್ತು. ದೋಣಿ ಕಟ್ಟುವ ಆಚಾರಿ ಹಳೆಯ ಹಲಗೆಗಳಿಂದ ಗಿಡ್ಡ ಬೆಂಚುಗಳನ್ನು ಮಾಡಿಕೊಟ್ಟ. ಅವಕ್ಕೆ ಮೀನೆಣ್ಣೆಯ ವಾಸನೆ ಹೋಗಲೇ ಇಲ್ಲ. ಆದರೆ ಕೂತರೆ ನಮ್ಮ ಕಾಲು ನೆಲಕ್ಕೆ ತಾಗುತ್ತಿತ್ತು. ಇಗರ್ಜಿಯಲ್ಲಿ ಬೇರೆಲ್ಲೂ ನಮಗೆ ಆ ಸುಖವಿರಲಿಲ್ಲ.

ಆಗೆಲ್ಲ ಪೂಜೆಗೆ ಉಪವಾಸ ಹೋಗುವ ರೂಢಿ. ಪೂಜೆ ಮುಗಿದದ್ದೇ ಮಕ್ಕಳು ಹಸಿದು ಮನೆಗೆ ಓಡುತ್ತಿದ್ದರು, ಪಾಠಕ್ಕೆ ಯಾರೂ ನಿಲ್ಲುತ್ತಿರಲಿಲ್ಲ. ಬಾಯಿ ಮೊದಲು ಒಲೆ ಹೂಡಿದರು. ಅಮೆರಿಕದಿಂದ ಬರುತ್ತಿದ್ದ ಹಾಲಿನ ಪುಡಿಯನ್ನು ಕುದಿಸಿ, ಬೆಲ್ಲ ಹಾಕಿ, ಕಾಯಿತುರಿಯ ಅವಲಕ್ಕಿಯ ಜೊತೆ ಕೊಡುತ್ತಿದ್ದರು. "ಹೊಟ್ಟೆ ಕೂಗುವಾಗ ದೇವರ ಮಾತು ಕೇಳೂದಿಲ್ಲ. ಉಣ್ಣಿ ಮೊದ್ಲು." ಪಾಠವೆಂದರೆ ತಗಡಿನ ಕುರಿಯನ್ನು ಬೆಂಚಿನ ಕೆಳಗೆ ಅಡಗಿಸಿ ನಮ್ಮಿಂದ ಹುಡುಕಿಸುವುದು. ಸಿಕ್ಕಿದವರು ಕಳೆದ ಕುರಿಯನ್ನು ಹುಡುಕಿ ತಂದ ಕುರುಬನ ಕಥೆ ಹೇಳಬೇಕು. ಮಾತು ತೊದಲುವವನಿಗೂ ಸರದಿ ಬರುತ್ತಿತ್ತು, ಅವನು ಮುಗಿಸುವ ತನಕ ಬಾಯಿ ಯಾರನ್ನೂ ಅಲುಗಾಡಲು ಬಿಡುತ್ತಿರಲಿಲ್ಲ. ಕೊನೆಗೆ ಸಾವ್ಕಾರರ ಸ್ವಂತ ಮೊಮ್ಮಗಳು ಲೀನಾ ಕೂಡ ಮನೆಯಲ್ಲಿ ಹಟ ಹಿಡಿದು ಬಂದಳು. ಅವಳನ್ನೂ ಬಾಯಿ ಅದೇ ಗಂಟಲಲ್ಲಿ ಕರೆದರು, ಇನ್ನೂ ಸ್ವಲ್ಪ ಜೋರಾಗಿಯೇ.

ಸಾವ್ಕಾರರು ಆ ಕೋಣೆಗೆ ಬಂದದ್ದು ಒಂದೇ ಸಲ. ಲೀನಾ ಮೀನುಗಾರರ ಮಕ್ಕಳ ಲೋಟದಲ್ಲೇ ಹಾಲು ಕುಡಿಯುತ್ತಾಳೆ ಎಂದು ಕೇಳಿ ಕೋಲೂರಿಕೊಂಡು ಬಂದು ಹೊಸ್ತಿಲಲ್ಲಿ ನಿಂತರು. "ಇದು ಇಗರ್ಜಿಯಾ, ಖಾನಾವಳಿಯಾ?" ಎಂದರು. ಬಾಯಿ ಸೌಟು ಕೆಳಗಿಟ್ಟರು. ಇಷ್ಟು ವರ್ಷ ಕಾದ ಗಳಿಗೆ ಬಂತು ಎಂದು ನಮಗೂ ಗೊತ್ತಾಯಿತು.

"ಒಳಗೆ ಬನ್ನಿ ಸಾವ್ಕಾರ್ರೇ. ನನ್ನ ಗುರುತು ಅದೆಯಾ?"

"ನತಾಲಿನ್ ಅಲ್ದಾ? ಬೊಂಬಾಯಿಂದ ಬಂದವಳು."

"ಅದಕ್ಕಿಂತ ಮೊದ್ಲು. ಸೊಳ್ಳೆಪರದೆ ಹಾಕ್ಕಂಡು ಬಂದ ಹುಡುಗಿ. ಸಾಲಿಂದ ನೀವು ಹೊರಗೆ ಎಳದ್ರಿ."

ಸಾವ್ಕಾರರು ನಿಜವಾಗಿಯೂ ಯೋಚಿಸಿದರು. ನಟನೆಯಲ್ಲ ಅದು. ಹುಬ್ಬು ಗಂಟಿಕ್ಕಿ ಬಾಯಿಯ ಮುಖ ನೋಡಿದರು. ಆಮೇಲೆ ತಲೆಯಾಡಿಸಿದರು. "ಎಷ್ಟೋ ಹುಡುಗೀರನ್ನ ಹೊರಗೆ ಕಳ್ಸಿದ್ದೆ ಮಾರಾಯ್ತಿ. ಅದ್ರಲ್ಲಿ ನೀ ಯಾವ್ದು ಅಂತ ಈಗ ಹೆಂಗೆ ಹೇಳೂದು?"

ಅವರು ಹೋದ ಮೇಲೆ ಬಾಯಿ ಗೋಡೆಗೆ ಒರಗಿ ಕೂತುಬಿಟ್ಟರು. ಹಾಲು ಉಕ್ಕಿ ಒಲೆಗೆ ಬಿತ್ತು. "ನಾ ಒಬ್ಳೇ ಅಂತ ಮಾಡಿದ್ದೆ" ಎಂದು ತಮ್ಮಷ್ಟಕ್ಕೇ ಅಂದರು. ಜೀವಮಾನವಿಡೀ ಹಗೆ ಸಾಕಿದ್ದು ಯಾರ ಮೇಲೋ ಅವನಿಗೇ ನೆನಪಿಲ್ಲ! ಮರೆತವನನ್ನು ಸೋಲಿಸುವುದು ಹೇಗೆ? ಆ ದಿನ ಪಾಠ ಅರ್ಧಕ್ಕೇ ನಿಂತಿತು.

ಬೇರೆ ಯಾರಾದರೂ ಅಲ್ಲಿಗೆ ಕೈಚೆಲ್ಲುತ್ತಿದ್ದರು. ಬಾಯಿಯ ಸಿಟ್ಟು ಮಾತ್ರ ಹೊಸ ಕೆಲಸ ಹುಡುಕಿಕೊಂಡಿತು. ಹೊರಹಾಕಿಸಿಕೊಂಡ ಆ "ಎಷ್ಟೋ ಹುಡುಗೀರು" ಎಲ್ಲಿದ್ದಾರೆ? ಮೀನು ಮಾರುವ ಹೆಂಗಸರನ್ನು, ತೆಂಗಿನ ನಾರು ಹೊಸೆಯುವವರನ್ನು ವಿಚಾರಿಸಿದರು. ಒಬ್ಬಳು ಕುಮಟೆಯ ಹತ್ತಿರ ಹೊಳನಗದ್ದೆಯಲ್ಲಿದ್ದಳು. ತಾರಿಯಲ್ಲಿ ಹೊಳೆ ದಾಟಿ, ಬಸ್ಸು ಹಿಡಿದು ಭಟ್ಕಳದ ತೆಂಗಿನಗುಂಡಿಗೂ ಹೋಗಿ ಮತ್ತೊಬ್ಬಳನ್ನು ಪತ್ತೆ ಮಾಡಿದರು. ನಾಚಿಕೆಗೆ ಮತ್ತೆ ಪ್ರಸಾದದ ಹತ್ತಿರ ಸುಳಿಯದೆ ಬದುಕು ಸವೆಸಿದವರು ಅವರು. ಹಾಗೆ ವಿಚಾರಿಸುತ್ತ ವಿಚಾರಿಸುತ್ತ ಒಂದು ಸಂಜೆ ಬಾಯಿ ನಮ್ಮ ಮನೆಯ ಜಗಲಿಗೇ ಬಂದರು.

ನನ್ನ ತಾಯಿ ರೋಜಿ, ನಾನು ಮಾಂಯ್ ಎಂದು ಕರೆಯುತ್ತಿದ್ದವಳು, ಪೂಜೆಗೆ ತಪ್ಪದೆ ಬರುತ್ತಿದ್ದಳು, ಬಾಗಿಲ ಪಕ್ಕ ನೆಲದ ಮೇಲೆ ಕೂರುತ್ತಿದ್ದಳು, ಎಲ್ಲರೂ ಪ್ರಸಾದಕ್ಕೆ ಎದ್ದಾಗ ಎದ್ದು ಹೊರಗೆ ಹೋಗುತ್ತಿದ್ದಳು. ನಾರಿನ ಕೆಲಸದಿಂದ ಸೀರೆ ಕೊಳೆಯಾಗಿದೆಯೆಂದು ಹಾಗೆ ಮಾಡುತ್ತಾಳೆ ಎಂದು ನಾನು ತಿಳಿದಿದ್ದೆ.

"ರೋಜಿ, ನಿಂಗೆ ಎಂತ ಇರ್ಲಿಲ್ಲ ಆವತ್ತು?" ಎಂದು ಬಾಯಿ ಕೇಳಿದರು. ಪೀಠಿಕೆಯೇ ಇಲ್ಲ.

ಮಾಂಯ್ ನಾರು ಹೊಸೆಯುವುದನ್ನು ನಿಲ್ಲಿಸಲಿಲ್ಲ. "ಬೂಟು" ಎಂದಳು. "ಮುಂದಿನ ವರ್ಷನೂ ಇರ್ಲಿಲ್ಲ. ಅದ್ರ ಮುಂದಿನ ವರ್ಷ ಹೋಗುಕೆ ಮನ್ಸು ಬರ್ಲಿಲ್ಲ."

"ಮದುವೇಲೂ ಪ್ರಸಾದ ತಕಂಡಿಲ್ವಾ?"

"ಮದುವೆ ಸಂಜೆಗೆ ಆತಲ್ಲ, ಪೂಜೆ ಇರ್ಲಿಲ್ಲ. ಯಾರೂ ಕೇಳ್ಲಿಲ್ಲ."

ಹಾಗಾದರೆ ಈ ವರ್ಷ ಮಗಳ ಜೊತೆಗೆ ನೀನೂ ಸಾಲಿನಲ್ಲಿ ಬಾ ಎಂದು ಬಾಯಿ ಹೇಳಿದ್ದೇ ಮಾಂಯ್ ಸಿಡಿದೆದ್ದಳು. ಅವಳು ಅಷ್ಟು ಸಿಟ್ಟಾದದ್ದನ್ನು ನಾನು ಕಂಡಿರಲಿಲ್ಲ. "ಹಗೆ ನಿಂದು ಬಾಯಿ. ಅದಕ್ಕೆ ನನ್ನ ಎಂತಕ್ಕೆ ಮೆರವಣಿಗೆ ಮಾಡ್ತೆ? ಒಂದ್ಸಲ ಜನ ನೋಡಿದ್ದು ಸಾಲೂದಿಲ್ವಾ?"

"ಹೌದು, ನಂದು ಹಗೆಯೇ" ಎಂದರು ಬಾಯಿ. "ಸುಳ್ಳು ಹೇಳೂದಿಲ್ಲ. ಆದ್ರೆ ಪ್ರಸಾದ ನಿಂದು. ಅದ್ನ ಅವನ ಹತ್ರ ಎಂತಕ್ಕೆ ಬಿಟ್ಟೆ?"

ಮುಂದಿನ ಭಾನುವಾರ ಮಾಂಯ್ ಹಿಂದಿನ ಕೋಣೆಯ ಗಿಡ್ಡ ಬೆಂಚಿನ ಮೇಲೆ ನನ್ನ ಪಕ್ಕ ಮೊಣಕಾಲು ಎದೆಗೆ ತಾಗುವಂತೆ ಕೂತಿದ್ದಳು. ಲೋಟದ ಹಾಲನ್ನು ಮುಖ ತಿರುಗಿಸಿಕೊಂಡು ಕುಡಿದಳು. ಬಾಯಿ ಹುಡುಕಿ ಕರೆತಂದ ಹೆಂಗಸರಿಗೆಲ್ಲ ಪಾದ್ರಿಯವರು ಪಾಪನಿವೇದನೆ ಮಾಡಿಸಿದರು. ತಮ್ಮ ಇಗರ್ಜಿಯಲ್ಲಿ ಹೀಗೆ ನಡೆದಿತ್ತೆಂದು ಅವರಿಗೂ ಮುಖ ಕೆಂಪಾಗಿತ್ತು.

ಈಸ್ಟರ್ ಕಳೆದ ಮೇಲೆ ಮೊದಲ ಪ್ರಸಾದದ ಆ ದಿನ ಬಂತು. ಮಕ್ಕಳಿಗೆಲ್ಲ ಟ್ರಂಕಿನ ಅಂಗಿ, ಟ್ರಂಕಿನ ಬೂಟು. ನಮ್ಮ ಹಿಂದೆ ಬಿಳಿ ಸೀರೆಯ ಹೆಂಗಸರು. ಸಾವ್ಕಾರರು ಮಾಮೂಲಿನಂತೆ ಬಾಗಿಲಲ್ಲಿ ಕೋಲೂರಿ ನಿಂತಿದ್ದರು. ಮೆಟ್ಟಿಲ ಹತ್ತಿರ ಬಂದದ್ದೇ ಬಾಯಿ ಕೂಗಿದರು, "ಬೂಟು ತೆಗೀರಿ ಎಲ್ಲರೂ!" ನಮಗೆ ಮೊದಲೇ ಹೇಳಿಕೊಟ್ಟಿದ್ದರು. ಎಲ್ಲರೂ ಬೂಟು ಬಿಚ್ಚಿ ಸಾವ್ಕಾರರ ಕಾಲ ಬುಡದಲ್ಲಿ ಜೋಡಿಸಿದೆವು. ಸಾಲಿನ ಮುಂದಿದ್ದವಳು ಲೀನಾ. "ಹಾಕ್ಕ ಲೀನಾ, ಬೂಟು ಹಾಕ್ಕ!" ಎಂದು ಅಜ್ಜ ಗದರಿಸಿದರು. "ಯಾರೂ ಹಾಕ್ಕಳಲಿಲ್ಲ ಅಜ್ಜ" ಎಂದು ಅವಳು ಬರಿಗಾಲಲ್ಲಿ ಒಳಗೆ ನಡೆದಳು. ಮೊಮ್ಮಗಳನ್ನು ಬಿಟ್ಟ ಮೇಲೆ ಇನ್ನು ಯಾರನ್ನು ತಡೆಯುವುದು? ಸಾಲು ಸರಿಯಿತು. ಹಳೆಯ ಅಭ್ಯಾಸದಿಂದ ಅವರ ಕಣ್ಣು ಒಬ್ಬೊಬ್ಬರ ಕಾಲಿನ ಮೇಲೇ ಇತ್ತು. ತೆಂಗಿನ ಸಿಪ್ಪೆ ನೆನೆಹಾಕುವ ನಾರಿನ ಗುಂಡಿಯ ನೀರಿಗೆ ಬಿರಿದ ಪಾದಗಳು ಬಂದು ನಿಂತಾಗ ತಲೆಯೆತ್ತಿದರು.

"ಮುಂದಿನ ವರ್ಷ ಬಾ ಅಂದಿದ್ರಿ ಸಾವ್ಕಾರ್ರೇ" ಎಂದಳು ಮಾಂಯ್. "ಬಂದೆ."

ಪೂಜೆ ಮುಗಿಯುವವರೆಗೂ ಸಾವ್ಕಾರರು ತಮ್ಮ ಬೆಂಚಿಗೆ ಬರಲಿಲ್ಲ, ಬೂಟುಗಳ ನಡುವೆಯೇ ನಿಂತಿದ್ದರು. ನನಗೆ ಕನಿಕರ ಬರಲಿಲ್ಲ. ಇವತ್ತಿಗೂ ಬಂದಿಲ್ಲ. ಪ್ರಸಾದ ನಾಲಿಗೆಯ ಮೇಲೆ ಬಿದ್ದಾಗ ನನ್ನ ತಾಯಿಯ ಗದ್ದ ನಡುಗಿದ್ದನ್ನು ನಾನು ಪಕ್ಕದಲ್ಲೇ ನಿಂತು ನೋಡಿದ್ದೇನೆ. ಅಷ್ಟು ವರ್ಷ ಅವಳಿಂದ ಅದನ್ನು ಕಸಿದವರ ಮೇಲೆ ಕನಿಕರ ಪಡುವವರು ಪಡಲಿ.

ಬಾಯಿಗೆ ಬೇಕಾಗಿದ್ದ ಆ ಒಂದು ಮಾತು ಮಾತ್ರ ಸಾವ್ಕಾರರ ಬಾಯಿಂದ ಬರಲೇ ಇಲ್ಲ. ಕೆಲವು ವರ್ಷಕ್ಕೆ ಅವರು ತೀರಿಕೊಂಡರು. ಶವದ ಮುಂದೆ ಧರ್ಮಪಾಠದ ಮಕ್ಕಳು ಬತ್ತಿ ಹಿಡಿದು ನಡೆಯುವುದು ನಮ್ಮಲ್ಲಿ ಕ್ರಮ. ಬಾಯಿ ಒಬ್ಬರನ್ನೂ ಬಿಡದೆ ಎಲ್ಲರನ್ನೂ ಕಳಿಸಿದರು. ತಾವು ಮಾತ್ರ ಕೋಣೆಯಲ್ಲೇ ಉಳಿದು ಲೋಟ ತೊಳೆದರಂತೆ.

ನಾನು ಕುಮಟೆಯಲ್ಲಿ ಶಿಕ್ಷಕಿಯ ತರಬೇತಿಗೆ ಸೇರಿದ್ದಾಗ ಬಾಯಿ ಹಾಸಿಗೆ ಹಿಡಿದರು. ಮಾಂಯ್ ಆ ಹೊತ್ತಿಗಾಗಲೇ ತೀರಿಹೋಗಿದ್ದಳು. ನಾನು ನೋಡಲು ಹೋದ ದಿನ ಪಾದ್ರಿಯವರು ಸಾಯುವವರಿಗೆ ಹಚ್ಚುವ ಕೊನೆಯ ಎಣ್ಣೆ ಹಚ್ಚಿ ಆಗಷ್ಟೇ ಹೊರಟಿದ್ದರು.

"ಸಿಸಿಲಿ, ಪಾದ್ರಿಯವ್ರು ಹೇಳಿ ಹೋದ್ರು" ಎಂದರು ಬಾಯಿ, ಏದುಸಿರಿನ ನಡುವೆ. "ಸತ್ತವ್ರಿಗೆಲ್ಲ ಪ್ರಾರ್ಥನೆ ಮಾಡ್ಬೇಕಂತೆ. ಪಾಸ್ಕು ಸಾವ್ಕಾರ್ರ ಹೆಸ್ರೂ ಬಿಡ್ಬಾರ್ದಂತೆ. ನಂಗೆ ಉಸ್ರು ಸಾಲೂದಿಲ್ಲ. ನೀ ಹೇಳು."

ನಾನು ಮೊಣಕಾಲೂರಿದೆ. ಒಬ್ಬೊಬ್ಬರ ಹೆಸರು ಹೇಳಿ ಅವರ ಆತ್ಮಕ್ಕೆ ಶಾಂತಿ ಕೋರುವ ಪ್ರಾರ್ಥನೆ ಅದು. ಬಾಯಿಯ ತಂದೆಯ ಹೆಸರು ಹೇಳಿದೆ, ತಾಯಿಯ ಹೆಸರು ಹೇಳಿದೆ, ಬೊಂಬಾಯಿಯ ಪಾರ್ಸಿ ಅಮ್ಮನ ಹೆಸರು ಹೇಳಿದೆ. ನನ್ನ ಮಾಂಯ್‌ಳ ಹೆಸರು ಹೇಳಿದೆ. ಅಲ್ಲಿಗೆ ನಿಲ್ಲಿಸಿ, ಸಾವ್ಕಾರರ ಹೆಸರು ಎತ್ತದೆ, ನೇರವಾಗಿ ಕೊನೆಯ ಸಾಲಿಗೆ ಹೋದೆ.

ಪ್ರಾರ್ಥನೆಯಲ್ಲಿ ಒಂದು ಅಕ್ಷರ ನುಂಗಿದರೂ ಮೊದಲಿಂದ ಹೇಳಿಸುತ್ತಿದ್ದವರು ಅವರು. ಕಣ್ಣು ತೆರೆದು ನನ್ನನ್ನು ನೋಡಿದರು. ನಾನೂ ನೋಡಿದೆ.

"ಆಮೆನ್" ಎಂದರು ಬಾಯಿ.